ಸುರ್ಖಾಬ್, ಜಕ್ಕವಕ್ಕಿ ಮತ್ತು ನಮ್ಮ ಲೆಕ್ಕ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದವರಿಗೆ ಸಮುದ್ರವಿಲ್ಲ. ಕಡಲಹಕ್ಕಿ ನೋಡಬೇಕೆಂದರೆ ಘಟ್ಟ ಇಳಿದು ಕಾರವಾರಕ್ಕೋ ಅಘನಾಶಿನಿ ಅಳಿವೆಗೋ ಹೋಗಬೇಕು. ಆದರೆ ದಂಡೆ ನಮಗೂ ಇದೆ. ಕಣಕುಂಬಿಯಲ್ಲಿ ಹುಟ್ಟಿ ಬರುವ ಮಲಪ್ರಭೆಗೆ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದ್ದಾರೆ. ಅದರ ಹಿಂದೆ ನಿಂತ ನೀರೇ ರೇಣುಕಾಸಾಗರ. ಚಳಿಗಾಲದ ಒಂದು ರವಿವಾರ ನಾವು ಹನ್ನೊಂದು ವಿದ್ಯಾರ್ಥಿಗಳು, ಇಬ್ಬರು ಉಪನ್ಯಾಸಕರು ಅಲ್ಲಿಗೆ ಹೋಗಿದ್ದೆವು.

ಚಳಿಗಾಲವೇ ಏಕೆ? ಮಳೆಗಾಲದಲ್ಲಿ ತುಂಬಿದ ನೀರನ್ನು ಕಾಲುವೆಗೆ ಬಿಟ್ಟಂತೆ ದಂಡೆ ಹಿಂದೆ ಸರಿಯುತ್ತದೆ, ಹಸಿ ಕೆಸರು ತೆರೆದುಕೊಳ್ಳುತ್ತದೆ. ಆ ಕೆಸರಿನಲ್ಲಿ ಹುಳು, ಸಣ್ಣ ಮೀನು. ಯಾವ ಹಕ್ಕಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅದರ ಕಾಲಿನ ಉದ್ದವೇ ಹೇಳುತ್ತದೆ. ಗದ್ದೆ ಗೊರವ ಬರೀ ಕೆಸರಿನ ಮೇಲೆ ಓಡಾಡುತ್ತದೆ, ಮೆಟ್ಟುಗಾಲು ಹಕ್ಕಿ ಗೇಣುದ್ದ ನೀರಿನಲ್ಲಿ, ಬಣ್ಣದ ಕೊಕ್ಕರೆ ಇನ್ನೂ ಒಳಗೆ. ಹೊಳೆ ರೀವಕ್ಕೆ ಈ ಚಿಂತೆಯಿಲ್ಲ. ಅದು ಮೇಲಿನಿಂದ ನೀರಿಗೆ ಬೀಳುತ್ತದೆ. ಬಲೆ ಎಳೆಯುತ್ತಿದ್ದ ಒಬ್ಬರು, "ನಮಗ ಹಕ್ಕಿ ಅಂದ್ರ ಮೀನಿನ ಗುರುತು" ಅಂದರು. ನಮ್ಮ ಪಟ್ಟಿಗಿಂತ ಅವರ ಮಾತು ಚಿಕ್ಕದು, ಸರಿಯಾದದ್ದು.

ಆಚೆ ದಂಡೆಯಲ್ಲಿ ಕಿತ್ತಳೆ-ಕಂದು ಮೈಯ, ತಲೆ ಸ್ವಲ್ಪ ತಿಳಿಯಾದ ದೊಡ್ಡ ಬಾತುಗಳು ಜೋಡಿಜೋಡಿಯಾಗಿ ನಿಂತಿದ್ದವು. ಪುಸ್ತಕ ನೋಡಿ ಉಪನ್ಯಾಸಕರು "ರಡ್ಡಿ ಶೆಲ್‌ಡಕ್" ಎಂದರು. ಕನ್ನಡದಲ್ಲಿ? ಹಳೆಯ ಕಾವ್ಯಗಳಲ್ಲಿ ರಾತ್ರಿ ಜೋಡಿಯಿಂದ ಅಗಲುವ ಚಕ್ರವಾಕ, ಜಕ್ಕವಕ್ಕಿ ಬರುತ್ತದಲ್ಲ, ಅದೇ ಇದು. ಉರ್ದುವಿನಲ್ಲಿ ಸುರ್ಖಾಬ್! ನಾನು ನಕ್ಕುಬಿಟ್ಟೆ. ಈ ಪ್ರವಾಸಕ್ಕೆ ಅನುಮತಿ ಕೇಳಿದಾಗ ದಾದಿ ನನಗೆ ಹೇಳಿದ್ದೇ, "ಕ್ಯಾ ಸುರ್ಖಾಬ್ ಕೆ ಪರ್ ಲಗೇ ಹೈಂ?" ಅಂದರೆ, ನಿನಗೇನು ಸುರ್ಖಾಬಿನ ಗರಿ ಮೂಡಿವೆಯೇ, ಬೇರೆ ಹುಡುಗಿಯರಿಗಿಲ್ಲದ ವಿಶೇಷ ನಿನಗೇನಿದೆ ಎಂದು. ಅಬ್ಬಾ ಸಹಿ ಮಾಡಿದ್ದರಿಂದ ಬಂದೆ. ಲಡಾಖ್, ಟಿಬೆಟ್ ಕಡೆಗಳಲ್ಲಿ ಮರಿ ಮಾಡಿ ಚಳಿಗೆ ಇಳಿದು ಬರುವ ಈ ಹಕ್ಕಿಗೆ ಯಾರ ಸಹಿಯೂ ಬೇಕಿಲ್ಲ.

ಈಗ ಮುಖ್ಯ ವಿಷಯ, ಎಣಿಕೆ. ಸುರ್ಖಾಬ್ ಹದಿನಾಲ್ಕು, ಎಲ್ಲರ ಲೆಕ್ಕವೂ ಒಂದೇ. ಚುಕ್ಕೆ ಕೊಕ್ಕಿನ ಬಾತುಗಳದ್ದೇ ಜಗಳ. ಮೂರು ಗುಂಪುಗಳಿಂದ 180, 240, 400 ಎಂದು ಬಂತು. ಒಬ್ಬ ಗೆಳೆಯ "ಸರಾಸರಿ ತೆಗೆಯೋಣ" ಎಂದ. ಸರಾಸರಿ 273 ಆಗುತ್ತದೆ, ಆದರೆ ಅಷ್ಟು ಹಕ್ಕಿಗಳನ್ನು ಯಾರೂ ಕಂಡಿರಲಿಲ್ಲ. 400 ಹೇಳಿದ ಗುಂಪು ದಂಡೆಗುಂಟ ನಡೆಯುತ್ತ ಎಣಿಸಿತ್ತು. ಅವರ ಮುಂದೆ ಹಾರಿ ಹೋಗಿ ಕೂತ ಹಕ್ಕಿಗಳೇ ಮತ್ತೆ ಲೆಕ್ಕಕ್ಕೆ ಬಂದಿದ್ದವು. ಒಂದೇ ವೋಚರ್ ಎರಡು ಸಲ ನಮೂದಾದರೆ ಸರಾಸರಿಯಿಂದ ಅದು ಸರಿಹೋಗುತ್ತದೆಯೇ?

ಸರಿಯಾದ ಕ್ರಮ ಹೀಗೆ: ಎಲ್ಲರೂ ಒಂದೇ ದಿಣ್ಣೆಯ ಮೇಲೆ ನಿಲ್ಲಬೇಕು. ಗುಂಪಿನ ಅಂಚಿನಲ್ಲಿ ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ನೋಡಬೇಕು. ಅಷ್ಟಷ್ಟೇ ಜಾಗವನ್ನು ಕಣ್ಣಿನಲ್ಲಿ ಮುಂದೆ ಸರಿಸುತ್ತ ಹೋಗಬೇಕು. ದಟ್ಟವಾಗಿ ಕೂತ ಕಡೆ ಅಳತೆ ಹೊಸದಾಗಿ ಹಾಕಬೇಕು. ಮತ್ತೆ ಎಣಿಸಿದಾಗ 210ರ ಆಸುಪಾಸು ಬಂತು. "ಸುಮಾರು 210, ಒಂದೇ ಸ್ಥಳದಿಂದ, ಬೆಳಿಗ್ಗೆ 8.20" ಎಂದು ಬರೆದೆವು. 400 ಎಂದು ಬರೆದಿದ್ದರೆ ವರದಿ ಚೆಂದ ಕಾಣುತ್ತಿತ್ತು. ಆದರೆ ಮುಂದಿನ ವರ್ಷ ಬಂದವರು 200 ಎಣಿಸಿ, ಅರ್ಧ ಹಕ್ಕಿ ಕಾಣೆಯಾದವು ಎಂದು ಕೂಗುತ್ತಿದ್ದರು.

ಇದು ವಿಜ್ಞಾನ ವಿಭಾಗದವರ ಕೆಲಸ ಎನ್ನುವವರಿಗೆ ಒಂದು ಮಾತು. 1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಸಲೀಂ ಅಲಿ ಬರ್ಮಾದಿಂದ ಮರಳಿದ ಮೇಲೆ ದಾವರ್ಸ್ ಕಾಲೇಜಿನಲ್ಲಿ ಓದಿದ್ದು ವಾಣಿಜ್ಯ ಕಾನೂನು ಮತ್ತು ಲೆಕ್ಕಶಾಸ್ತ್ರ. ಪ್ರಾಣಿಶಾಸ್ತ್ರ ಅದರ ಜೊತೆಗೆ ಬಂದದ್ದು. 1930ರಲ್ಲಿ ಅವರು ಬಯಾ, ಅಂದರೆ ಗೀಜಗದ ಬಗ್ಗೆ ಬರೆದ ಅಧ್ಯಯನ ಕೀಹಿಂ ಎಂಬ ಕಡಲತೀರದ ಹಳ್ಳಿಯಲ್ಲಿ ದಿನದಿನವೂ ಗೂಡು ನೋಡಿ ಬರೆದಿಟ್ಟ ಟಿಪ್ಪಣಿಗಳಿಂದ ಬಂದದ್ದು. ಗಂಡು ಗೂಡು ಅರ್ಧ ಕಟ್ಟುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮುಂದುವರಿಸುತ್ತದೆ.

ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಆಗ ಮತ್ತೆ ಅದೇ ದಿಣ್ಣೆಗೆ ಹೋಗುವವರಿದ್ದೇವೆ. ಬರುವವರು ಮಣ್ಣಿನ ಬಣ್ಣದ ಬಟ್ಟೆ ಹಾಕಿ, ಪೆನ್ಸಿಲ್ ತನ್ನಿ. ಮಂಜಿಗೆ ಪೆನ್ನಿನ ಬರಹ ಕಲೆಸುತ್ತದೆ. ಹುಡುಗಿಯರ ಪಟ್ಟಿಯಲ್ಲಿ ಈಗ ಆರು ಹೆಸರುಗಳಿವೆ.