ಜಯಲಕ್ಷ್ಮಿ ವಿಲಾಸ: ಹಳೆಯ ಸೌಧವೊಂದರ ಅಳಿವು-ಉಳಿವಿನ ಪಾಠ

ಹೊಸ ಕಟ್ಟಡಕ್ಕೆ ಅಡಿಗಲ್ಲನ್ನಿಡುವ ದಿನ ಊರಿಗೆ ಊರೇ ನೆರೆಯುತ್ತದೆ. ದಾನಿಗಳ ಹೆಸರು ಶಿಲಾಫಲಕವನ್ನೇರುತ್ತದೆ. ಅದೇ ಕಟ್ಟಡ ಐವತ್ತು ವರ್ಷ ಕಳೆದು ಸೋರತೊಡಗಿದಾಗ ತಾರಸಿಯನ್ನು ಹತ್ತಿ ನೋಡುವವರು ವಿರಳ. ನಮ್ಮ ನಾಡಿನ ಅನೇಕ ಸೌಧಗಳು ಯುದ್ಧದಿಂದಾಗಲೀ ಭೂಕಂಪದಿಂದಾಗಲೀ ನಾಶವಾದವಲ್ಲ. ವರ್ಷ ವರ್ಷವೂ ಮಾಡಬೇಕಾಗಿದ್ದ ಸಣ್ಣ ಕೆಲಸವನ್ನು ಮಾಡದೆ ಬಿಟ್ಟದ್ದರಿಂದ ನಾಶವಾದವು. ಈ ಮಾತನ್ನು ವಿಶದಪಡಿಸಲು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮಿ ವಿಲಾಸ ಸೌಧಕ್ಕಿಂತ ತಕ್ಕ ನಿದರ್ಶನ ಮತ್ತೊಂದಿಲ್ಲ. ಅದು ದೂರದ ಅರಮನೆಯಾದರೂ ಅದರೊಳಗಿನ ಸಂಪತ್ತಿಗೂ ನಮ್ಮ ಹಿರಿಯೂರು ಸೀಮೆಗೂ ನಿಕಟವಾದ ಸಂಬಂಧವಿದೆ.

ಸೌಧದ ಹಿನ್ನೆಲೆ

1894ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಅಕಾಲದಲ್ಲಿ ತೀರಿಕೊಂಡರು. ಯುವರಾಜರು ಇನ್ನೂ ಬಾಲಕರಾಗಿದ್ದುದರಿಂದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ 1902ರವರೆಗೆ ಆಡಳಿತ ನಡೆಸಿದರು. ಅವರ ಹಿರಿಯ ಪುತ್ರಿಯೇ ಜಯಲಕ್ಷಮ್ಮಣ್ಣಿ. 1897ರಲ್ಲಿ ಈ ರಾಜಕುಮಾರಿಯ ವಿವಾಹವು ಎಂ. ಕಾಂತರಾಜ ಅರಸರೊಡನೆ ನಡೆಯಿತು. ಅರಸರು ಮುಂದೆ 1918ರಿಂದ 1922ರವರೆಗೆ ಸಂಸ್ಥಾನದ ದಿವಾನರಾಗಿದ್ದರು. ಆ ವಿವಾಹದ ಸಂದರ್ಭದಲ್ಲಿಯೇ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ತುತ್ತಾಯಿತೆಂಬುದು ಇತಿಹಾಸ.

ಈ ದಂಪತಿಗಳ ವಾಸಕ್ಕಾಗಿ ಕುಕ್ಕರಹಳ್ಳಿ ಕೆರೆಯ ಸಮೀಪದ ದಿಬ್ಬದ ಮೇಲೆ 1905ರಲ್ಲಿ ಏಳು ಲಕ್ಷ ರೂಪಾಯಿಗಳ ವೆಚ್ಚದಲ್ಲಿ ಸೌಧವೊಂದು ನಿರ್ಮಾಣವಾಯಿತು. ವಿಕ್ಟೋರಿಯಾ ರಾಣಿ 1901ರಲ್ಲಿಯೇ ಕಾಲವಾಗಿದ್ದರೂ ಆಕೆಯ ಕಾಲದ ಕಟ್ಟಡಗಳ ರೂಢಿ ಇನ್ನೂ ಮಾಸಿರಲಿಲ್ಲ. ಕೊರಿಂಥಿಯನ್ ಮತ್ತು ಅಯಾನಿಕ್ ಮಾದರಿಯ ಜೋಡಿಕಂಬಗಳು, ತ್ರಿಕೋನಾಕಾರದ ಶಿರೋಭಾಗಗಳು, ಅಂಡಾಕಾರದ ಗವಾಕ್ಷಗಳು, ಬಣ್ಣದ ಗಾಜು, ಎರಕದ ಕಬ್ಬಿಣದ ಕಂಬಗಳು - ಇವೆಲ್ಲ ಪಶ್ಚಿಮದಿಂದ ಬಂದವು. ಕಲ್ಯಾಣಮಂಟಪ, ನಾಟ್ಯಮಂಟಪ, ಬಾಗಿಲುಗಳ ಮೇಲಿನ ಕೆತ್ತನೆ ನಮ್ಮ ನೆಲದವು. ಸುಮಾರು 125 ಕೊಠಡಿಗಳು, 300 ಕಿಟಕಿಗಳು, ಕೆತ್ತನೆಯುಳ್ಳ 287 ಬಾಗಿಲುಗಳು ಇಲ್ಲಿವೆ ಎಂದು ಲೆಕ್ಕ. ಎರಡು ಸಂಸ್ಕೃತಿಗಳ ಕುಶಲಕರ್ಮಿಗಳ ಕೈಚಳಕ ಒಂದೇ ಸೂರಿನಡಿ ಕೂಡಿಬಂದಿರುವುದೇ ಈ ಸೌಧದ ವೈಶಿಷ್ಟ್ಯ.

ಅರಮನೆಯಿಂದ ವಿದ್ಯಾಕ್ಷೇತ್ರಕ್ಕೆ

ಸ್ವಾತಂತ್ರ್ಯಾನಂತರ ಇಂತಹ ಸೌಧಗಳಲ್ಲಿ ವಾಸಿಸುವವರೂ ಇಲ್ಲದಾದರು, ಅವುಗಳನ್ನು ನಿರ್ವಹಿಸುವ ಆದಾಯವೂ ಇಲ್ಲದಾಯಿತು. ಆಗ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು ಕುವೆಂಪು. ಸ್ನಾತಕೋತ್ತರ ಅಧ್ಯಯನಕ್ಕೆ ಪ್ರತ್ಯೇಕ ಕ್ಷೇತ್ರವೊಂದಿರಬೇಕೆಂಬ ಅವರ ಕನಸೇ ಮಾನಸಗಂಗೋತ್ರಿ. ಅದರ ಅಂಗವಾಗಿ 1959ರಲ್ಲಿ ವಿಶ್ವವಿದ್ಯಾನಿಲಯವು ಹತ್ತು ಲಕ್ಷ ರೂಪಾಯಿಗಳಿಗೆ ಈ ಸೌಧವನ್ನು ಪಡೆದುಕೊಂಡಿತು. 1968ರಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ಸ್ಥಾಪಿತವಾಯಿತು. ರಾಜಕುಮಾರಿಗಾಗಿ ಕಟ್ಟಿದ ಮನೆಯೊಳಗೆ ರೈತನ ಕೂರಿಗೆ, ಒಕ್ಕಲಗಿತ್ತಿಯ ಒನಕೆ, ತೊಗಲುಗೊಂಬೆ, ಸೋಮನ ಮುಖ, ಯಕ್ಷಗಾನದ ಕಿರೀಟಗಳು ಬಂದು ನೆಲೆಸಿದವು.

ಈ ಸಂಗ್ರಹದ ಹಿಂದೆ ಜೀ. ಶಂ. ಪರಮಶಿವಯ್ಯನವರ ವಿದ್ವತ್ತೂ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರ ಪರಿಶ್ರಮವೂ ಇವೆ. ತಿಪ್ಪೇಸ್ವಾಮಿಯವರು (1922-2000) ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯವರು. ಜನರು ಹಳೆಯದೆಂದು ಅಟ್ಟಕ್ಕೇರಿಸಿದ್ದ, ಒಲೆಗೆ ಹಾಕಲಿದ್ದ ವಸ್ತುಗಳಲ್ಲಿ ಕಲೆಯನ್ನು ಕಂಡು ಹಳ್ಳಿಗಳಿಂದ ಅವುಗಳನ್ನು ಸಂಗ್ರಹಿಸಿದವರು ಅವರು. ಇಂದು ಅಲ್ಲಿರುವ ವಸ್ತುಗಳ ಸಂಖ್ಯೆ ಸುಮಾರು ಆರೂವರೆ ಸಾವಿರ. ನಮ್ಮ ಜಿಲ್ಲೆಯ ಮಗನೊಬ್ಬನ ಆಯುಷ್ಯದ ದುಡಿಮೆ ಆ ಸೂರಿನಡಿ ಇದೆ ಎಂದ ಮೇಲೆ ಆ ಸೂರು ಸೋರುವುದು ನಮಗೆ ಸಂಬಂಧಿಸದ ಸಂಗತಿಯಾಗಲಾರದು.

ಕಟ್ಟಡ ಏಕೆ ಶಿಥಿಲವಾಗುತ್ತದೆ?

ಆ ಕಾಲದ ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಸುಣ್ಣದ ಗೋಡೆ ನೀರನ್ನು ಹೀರುತ್ತದೆ, ಬಿಸಿಲಿಗೆ ಅದನ್ನು ಹೊರಗೆ ಬಿಡುತ್ತದೆ. ತಾರಸಿಯಾದರೋ ತೇಗದ ತೊಲೆ-ಜಂತೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ಜೋಡಿಸಿ, ಅದರ ಮೇಲೆ ಸುಣ್ಣದ ಗಚ್ಚನ್ನು ಬಡಿದು ಮಾಡಿದ್ದು. ಇದಕ್ಕೆ ಮದರಾಸು ತಾರಸಿ ಎಂದು ಹೆಸರು. ನೀರು ನಿಲ್ಲದಿದ್ದರೆ ಇಂತಹ ತಾರಸಿ ನೂರು ವರ್ಷವೂ ಬಾಳೀತು.

ಕೇಡು ಆರಂಭವಾಗುವುದು ಒಂದು ಹಿಡಿ ತರಗೆಲೆಯಿಂದ. ಎಲೆ ಬಿದ್ದು ಮಳೆನೀರಿನ ಕೊಳವೆ ಕಟ್ಟಿಕೊಳ್ಳುತ್ತದೆ. ನೀರು ನಿಂತು ಗಚ್ಚಿನ ಬಿರುಕಿನೊಳಗೆ ಇಳಿಯುತ್ತದೆ. ಹಕ್ಕಿ ತಂದು ಹಾಕಿದ ಅರಳಿಯ ಬೀಜ ಆ ಬಿರುಕಿನಲ್ಲಿ ಮೊಳೆತು ಬೇರನ್ನು ಗೋಡೆಯೊಳಕ್ಕೆ ಇಳಿಬಿಡುತ್ತದೆ. ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಮೊದಲು ನೆನೆದು ಕೊಳೆಯುತ್ತದೆ. ಅಲ್ಲಿಗೆ ಗೆದ್ದಲು ಬರುತ್ತದೆ. ಕಬ್ಬಿಣವಿದ್ದಲ್ಲಿ ಅದು ತುಕ್ಕು ಹಿಡಿದು ಉಬ್ಬಿ ಸುತ್ತಲಿನ ಗಾರೆಯನ್ನು ಸೀಳುತ್ತದೆ. ಇಷ್ಟೂ ನಡೆಯಲು ಹಲವು ವರ್ಷಗಳು ಬೇಕು. ಕೆಳಗೆ ನಿಂತು ನೋಡುವವನಿಗೆ ಕೊನೆಯ ದಿನದವರೆಗೂ ಕಟ್ಟಡ ಗಟ್ಟಿಯಾಗಿರುವಂತೆಯೇ ತೋರುತ್ತದೆ.

ಉಪೇಕ್ಷೆಯಷ್ಟೇ ಅಪಾಯಕಾರಿಯಾದದ್ದು ಅರಿವಿಲ್ಲದ ದುರಸ್ತಿ. ಒದ್ದೆಯಾದ ಸುಣ್ಣದ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಇಟ್ಟಿಗೆಯನ್ನೇ ಪುಡಿಮಾಡುತ್ತದೆ. ಮೇಲ್ನೋಟಕ್ಕೆ ಹೊಸದಾಗಿ ಕಾಣುವ ಗೋಡೆ ಒಳಗೊಳಗೇ ಕ್ಷಯಿಸುತ್ತದೆ. ಹಳೆಯ ಕಟ್ಟಡಕ್ಕೆ ಹಳೆಯ ಸಾಮಗ್ರಿಯನ್ನೇ ಬಳಸಬೇಕೆಂಬ ತಜ್ಞರ ಮಾತಿಗೆ ಕಾರಣ ಹಳೆಯದರ ಮೇಲಿನ ಮೋಹವಲ್ಲ, ವಸ್ತುಗಳ ಗುಣಧರ್ಮ.

ಜಯಲಕ್ಷ್ಮಿ ವಿಲಾಸಕ್ಕೂ ಈ ಶೈಥಿಲ್ಯ ತಪ್ಪಲಿಲ್ಲ. ಎರಡು ಸಾವಿರದ ಮೊದಲ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನವು ನೀಡಿದ 1.17 ಕೋಟಿ ರೂಪಾಯಿಗಳ ನೆರವಿನಿಂದ ಅದು ಜೀರ್ಣೋದ್ಧಾರಗೊಂಡಿತು. ಜನ ಸಂತೋಷಪಟ್ಟರು. ಆದರೆ ಮುಂದಿನ ವರ್ಷಗಳಲ್ಲಿ ಛಾವಣಿ ಮತ್ತೆ ಸೋರಿತು, ಮರದ ಭಾಗಗಳು ಮತ್ತೆ ಕೆಟ್ಟವು, ಸಂಗ್ರಹದ ವಸ್ತುಗಳಿಗೂ ತೇವದ ಭಯ ಒದಗಿತು. ಈಚಿನ ವರ್ಷಗಳಲ್ಲಿ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ನೆರವು ದೊರೆತು, ಡೆಕ್ಕನ್ ಹೆರಿಟೇಜ್ ಪ್ರತಿಷ್ಠಾನದ ಸಹಯೋಗದಲ್ಲಿ ಸಂರಕ್ಷಣಾ ಕಾರ್ಯವನ್ನು ಕೈಗೊಳ್ಳಲಾಯಿತು. ಇದರಿಂದ ತಿಳಿಯಬೇಕಾದದ್ದು ಸ್ಪಷ್ಟ. ಒಮ್ಮೆ ದೊರೆಯುವ ದೊಡ್ಡ ದಾನ ಕಟ್ಟಡವನ್ನು ಎಬ್ಬಿಸಿ ನಿಲ್ಲಿಸಬಲ್ಲುದು. ನಿಂತದ್ದು ನಿಂತೇ ಇರಬೇಕಾದರೆ ಪ್ರತಿವರ್ಷದ ಸಣ್ಣ ಮೊತ್ತ ಬೇಕು, ಅದನ್ನು ವ್ಯಯಿಸುವ ಹೊಣೆಗಾರನೊಬ್ಬ ಬೇಕು.

ಹೊಣೆಗಾರಿಕೆ ತಪ್ಪಿದರೆ ಏನಾದೀತೆಂಬುದಕ್ಕೂ ಮೈಸೂರಿನಲ್ಲಿಯೇ ಉದಾಹರಣೆಯಿದೆ. 1892ರಲ್ಲಿ ವೈಸರಾಯ್ ಲ್ಯಾನ್ಸ್‌ಡೌನ್ ಅವರ ಭೇಟಿಯ ನೆನಪಿಗಾಗಿ ಕಟ್ಟಿದ ಕಟ್ಟಡದಲ್ಲಿ ಅಂಗಡಿಸಾಲುಗಳಿದ್ದವು. ಹಳೆಯ ಪುಸ್ತಕಗಳನ್ನರಸಿ ಅಲ್ಲಿಗೆ ಹೋದ ವಿದ್ಯಾರ್ಥಿಗಳು ಅಸಂಖ್ಯ. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಅನಂತರ ಅದನ್ನು ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಕಟ್ಟಡದ ಉಪೇಕ್ಷೆ ಕೇವಲ ಸೌಂದರ್ಯದ ಹಾನಿಯಲ್ಲ, ಜೀವಹಾನಿಯೂ ಹೌದು.

ನಮ್ಮ ಜಿಲ್ಲೆಗೆ ಈ ಪಾಠ

ಚಿತ್ರದುರ್ಗದ ಕೋಟೆಗೆ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಿದೆ. ಜಯಲಕ್ಷ್ಮಿ ವಿಲಾಸದ ಸಮಕಾಲೀನವೂ ಮಹಾರಾಣಿಯವರ ಹೆಸರನ್ನೇ ಹೊತ್ತದ್ದೂ ಆದ, 1898ರಿಂದ 1907ರವರೆಗೆ ಕಟ್ಟಲಾದ ಹಿರಿಯೂರಿನ ವಾಣಿವಿಲಾಸ ಸಾಗರ ಇಂದಿಗೂ ಹೊಲಗಳಿಗೆ ನೀರುಣಿಸುತ್ತಿದೆ. ಉಪಯೋಗವಿರುವುದರಿಂದ ಅದರ ಆರೈಕೆಯೂ ನಡೆದಿದೆ. ಆದರೆ ಹೊಸದುರ್ಗ, ಹೊಳಲ್ಕೆರೆಗಳ ಬೀದಿಗಳಲ್ಲಿರುವ ಹಳೆಯ ಮನೆ, ಚಾವಡಿ, ಶಾಲಾಕೊಠಡಿಗಳಿಗೆ ಯಾವ ಇಲಾಖೆಯ ಫಲಕವೂ ಇಲ್ಲ. ಅವುಗಳ ರಕ್ಷಣೆ ಬಳಸುವವರ ಕೈಯಲ್ಲಿಯೇ ಇದೆ.

ಈ ಶಿಸ್ತು ನಮಗೆ ಹೊಸದೇನೂ ಅಲ್ಲ. ನಮ್ಮ ಬಯಲುಸೀಮೆಯ ಹಿರಿಯರು ಮುಂಗಾರಿಗೆ ಮೊದಲು ಮಾಳಿಗೆಯನ್ನು ಹತ್ತಿ, ಹುಲ್ಲು ಕಿತ್ತು, ಕರಲುಮಣ್ಣು ಹರಡಿ ತುಳಿದು, ನೀರು ಹೋಗುವ ದೋಣಿಯನ್ನು ಬಿಡಿಸಿಟ್ಟ ಮೇಲೆಯೇ ಬಿತ್ತನೆಗೆ ಹೊರಡುತ್ತಿದ್ದರು. ವಿದೇಶದ ತಜ್ಞರು ಇಂದು ವಾರ್ಷಿಕ ನಿರ್ವಹಣೆ ಎನ್ನುವುದು ಇದನ್ನೇ. ಮಣ್ಣಿನ ಮಾಳಿಗೆಗೆ ಸಲ್ಲುತ್ತಿದ್ದ ಈ ಕಾಯಕ ಗಾರೆಯ ಸೌಧಕ್ಕೆ ಸಲ್ಲದೆ ಹೋದದ್ದೇ ವಿಪರ್ಯಾಸ.

ಶಾಲೆಗಳಲ್ಲಿ ಮಾಡಬಹುದಾದದ್ದು

ಸಂವಿಧಾನದ 51ಎ ವಿಧಿಯು ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಹೇಳುತ್ತದೆ. ಇದನ್ನು ಬಾಯಿಪಾಠ ಮಾಡಿಸುವುದರ ಜೊತೆಗೆ ಅಧ್ಯಾಪಕರು ಕೆಲವು ಅಭ್ಯಾಸಗಳನ್ನು ಮಾಡಿಸಬಹುದು:

1. ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಒಂದು ಹಳೆಯ ಕಟ್ಟಡವನ್ನು ಆರಿಸಿ, ಅದರ ಗೋಡೆ, ಛಾವಣಿ, ಬಾಗಿಲುಗಳು ಯಾವ ವಸ್ತುವಿನವು ಎಂದು ಬರೆದು ನಕ್ಷೆ ತೆಗೆಯಲಿ.

2. ಆ ಕಟ್ಟಡದ ಕಥೆಯನ್ನು ಊರಿನ ಹಿರಿಯರಿಂದ ಕೇಳಿ ದಾಖಲಿಸಲಿ. ಗಾರೆ ಕೆಲಸ, ಮರಗೆಲಸ ಬಲ್ಲ ವೃದ್ಧರಿದ್ದರೆ ಅವರನ್ನು ತರಗತಿಗೆ ಬರಮಾಡಿಕೊಳ್ಳಬೇಕು. ಅವರೊಡನೆ ಆ ವಿದ್ಯೆಯೂ ಹೋಗದಿರಲಿ.

3. ಪ್ರತಿವರ್ಷ ಮೇ ತಿಂಗಳಲ್ಲಿ ನಮ್ಮ ಶಾಲೆಯ ತಾರಸಿ ಮತ್ತು ನೀರಿನ ಕೊಳವೆಗಳನ್ನು ಪರೀಕ್ಷಿಸಿ, ಕಂಡದ್ದನ್ನು ಒಂದು ಪುಸ್ತಕದಲ್ಲಿ ದಿನಾಂಕಸಹಿತ ಬರೆದಿಡುವ ಪದ್ಧತಿ ಬರಲಿ.

ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ಹೊಸ ಕೊಠಡಿಗೆ ನೀಡುವ ದಾನದಲ್ಲಿ ಒಂದು ಪಾಲನ್ನು ಹಳೆಯ ಕೊಠಡಿಯ ನಿರ್ವಹಣೆಗೆಂದು ಮೀಸಲಿಡುವಂತಾಗಬೇಕು. ಅದಕ್ಕೆ ಶಿಲಾಫಲಕವಿರುವುದಿಲ್ಲ, ಉದ್ಘಾಟನಾ ಸಮಾರಂಭವೂ ಇರುವುದಿಲ್ಲ. ಆದರೆ ಮಳೆಗಾಲದ ನಡುವೆ ಮಕ್ಕಳು ಒಣನೆಲದ ಮೇಲೆ ಕುಳಿತು ಪಾಠ ಕೇಳುವುದು ಆ ದಾನದಿಂದಲೇ. ಹರ್ತಿಕೋಟೆಯ ಕಲಾವಿದರು ಇತರರು ಬಿಸುಟದ್ದನ್ನು ಎತ್ತಿ ಕಾಪಾಡಿದರು. ಅವರ ಜಿಲ್ಲೆಯವರಾದ ನಾವು ನಮ್ಮ ಕೈಯಲ್ಲಿರುವುದನ್ನಾದರೂ ಬಿಸುಡದೆ ಉಳಿಸಿಕೊಳ್ಳೋಣ.