ಏನು ಓದಿದ್ದೀರಿ ಅಂತ ಕೇಳಿದ್ದಕ್ಕೆ

ನಮ್ಮ ಮನೆಯಲ್ಲಿ ನನಗೆ ‘ಸರ್ಟಿಫಿಕೇಟು’ ಅಂತ ಅಡ್ಡಹೆಸರು. ಇಟ್ಟವರು ಭಾವನವರು. ಕನ್ನಡಕದಂಗಡಿಯಲ್ಲಿ ನಿಂತು ಮಾಲೀಕರನ್ನು ‘ನೀವು ಏನು ಓದಿದ್ದೀರಿ?’ ಎಂದು ಕೇಳಿದ್ದು ಮನೆತನದ ಮಾನ ಕಳೆಯುವ ಕೆಲಸವಂತೆ. ಕೇಳಲೇಬೇಕಾದ ಮಾತು ಅದು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಕೋಪವೂ ಇದೆ, ಮುಚ್ಚಿಡುವುದಿಲ್ಲ.

ನಾನು ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ಸಾಲ ಕೇಳಿ ಬಂದವರ ಪಹಣಿ, ಸಂಬಳದ ಚೀಟಿ, ಜಾಮೀನುದಾರರ ಸಹಿ ನೋಡುವುದೇ ಕೆಲಸ. ಐವತ್ತು ಸಾವಿರದ ಸಾಲಕ್ಕೆ ಅಷ್ಟೊಂದು ಕಾಗದ ಕೇಳುವವಳು ಮಗನ ಕಣ್ಣಿನ ವಿಷಯಕ್ಕೆ ಒಂದು ಪ್ರಶ್ನೆ ಕೇಳಬಾರದೇ?

ಮಗ ಒಂದನೇ ತರಗತಿಗೆ ಸೇರಿದ ವರ್ಷ ಟಿವಿ ನೋಡುವಾಗ ಮುಖ ಓರೆ ಮಾಡುತ್ತಿದ್ದ. ಶಾಲೆಯ ಆರೋಗ್ಯ ತಪಾಸಣೆಯಲ್ಲಿ ‘ಕಣ್ಣು: ನಾರ್ಮಲ್’ ಎಂದು ಕಾರ್ಡಿನಲ್ಲಿ ಬರೆದು ಕಳಿಸಿದ್ದರು. ಹೇಗೆ ನೋಡಿದರಪ್ಪಾ ಎಂದು ಮಗನನ್ನು ಕೇಳಿದರೆ, ಬಲ ಅಂಗೈಯಿಂದ ಬಲಗಣ್ಣು ಮುಚ್ಚಿ ಬೆರಳ ಸಂದಿಯಿಂದ ನನ್ನನ್ನೇ ನೋಡುತ್ತಾ ‘ಹೀಗೆ’ ಎಂದ. ಆಗ ನನಗೆ ಅದು ಬರೀ ತುಂಟತನದಂತೆ ಕಂಡಿತ್ತು.

ಕೆಂಗೇರಿ ಉಪನಗರದಲ್ಲಿ ಭಾವನವರ ಸ್ನೇಹಿತರೊಬ್ಬರ ಅಂಗಡಿ ಇದೆ. ‘ಕಂಪ್ಯೂಟರ್ ಮೂಲಕ ಉಚಿತ ಕಣ್ಣಿನ ಪರೀಕ್ಷೆ’ ಎಂಬ ಬೋರ್ಡು. ಮಾಲೀಕರು ಒಳ್ಳೆಯವರೇ, ಮಗನಿಗೆ ಚಾಕ್ಲೇಟ್ ಕೊಟ್ಟು ಮೆಷಿನ್ನಿಗೆ ಗಲ್ಲ ಇಡಿಸಿದರು. ಒಳಗೆ ಉದ್ದದ ರಸ್ತೆ, ಅದರ ತುದಿಯಲ್ಲೊಂದು ಬಣ್ಣದ ಬಲೂನು ಕಾಣುತ್ತದೆ. ಎರಡು ನಿಮಿಷದಲ್ಲಿ ಚೀಟಿ ಬಂತು. ಬಲಗಣ್ಣಿಗೆ ಮೈನಸ್ ಮುಕ್ಕಾಲು, ಎಡಗಣ್ಣಿಗೆ ಪ್ಲಸ್ ಒಂದೂಕಾಲು. ಅವರು ಬರೆದದ್ದು ಎರಡಕ್ಕೂ ಮೈನಸ್ ಮುಕ್ಕಾಲು.

‘ಎಡಗಡೆ ಪ್ಲಸ್ ಅಂತ ಇದೆಯಲ್ಲ?’ ಎಂದೆ.

‘ಮಕ್ಕಳದು ಹಾಗೇ ಬರುತ್ತಮ್ಮ, ಮೆಷಿನ್ ಅಲ್ಲಾಡಿರುತ್ತೆ.’

ಗೋಡೆಯ ಮೇಲೆ ಚೌಕಟ್ಟು ಹಾಕಿದ ಪ್ರಮಾಣಪತ್ರವಿತ್ತು. ರೂಢಿ ನೋಡಿ, ಹತ್ತಿರ ಹೋಗಿ ಓದಿದೆ. ಅದನ್ನು ಕೊಟ್ಟದ್ದು ಮೆಷಿನ್ ಮಾರಿದ ಕಂಪನಿ, ಮೆಷಿನ್ ಬಳಸುವ ತರಬೇತಿಗೆ. ಆಗ ಕೇಳಿದೆ, ಏನು ಓದಿದ್ದೀರಿ ಅಂತ. ಅವರು ನಕ್ಕರು. ಭಾವನವರು ನಗಲಿಲ್ಲ. ಹೊರಗೆ ಬಂದವರೇ, ‘ದೇವಸ್ಥಾನಕ್ಕೆ ಹೋಗಿ ಪೂಜಾರಿಗೂ ಸರ್ಟಿಫಿಕೇಟ್ ಕೇಳ್ತೀಯೇನಮ್ಮ? ಇಪ್ಪತ್ತೈದು ವರ್ಷದ ಅನುಭವ ಅವರಿಗೆ’ ಎಂದರು.

ಮನೆಯಲ್ಲಿ ಮಾವನವರೂ ಅವರ ಪಕ್ಷವೇ. ಮಾವನವರ ತಾಯಿಗೆ ಪೊರೆ ತೆಗೆದದ್ದು ಡಾ. ಎಂ.ಸಿ. ಮೋದಿಯವರ ಶಿಬಿರದಲ್ಲಿ. ರಾಜಾಜಿನಗರದ ಕಡೆ ಹೋದಾಗಲೆಲ್ಲ ಮೋದಿ ಆಸ್ಪತ್ರೆಗೆ ಕೈಮುಗಿಯುವ ಮನುಷ್ಯ. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದಕ್ಕೆ ಗಿನ್ನೆಸ್ ಪುಸ್ತಕ ಸೇರಿದವರು ಮೋದಿಯವರು, ಅವರ ಮೇಲಿನ ಭಕ್ತಿಗೆ ನನ್ನ ತಕರಾರಿಲ್ಲ. ಆದರೆ ಕಣ್ಣಿನ ಬೋರ್ಡು ಹಾಕಿದವರೆಲ್ಲರೂ ಮೋದಿಯವರೇ ಎಂದುಕೊಂಡರೆ? ಇಬ್ಬರು ಹಿರಿಯರು ಒಂದಾದ ಮೇಲೆ ನಮ್ಮ ಮನೆಯಲ್ಲಿ ಮಾತು ಮುಗಿಯಿತು. ಕನ್ನಡಕ ಬಂತು. ಮಗ ಅದನ್ನು ಹಾಕಿಕೊಂಡ, ತೆಗೆದ, ತಲೆನೋವೆಂದ, ಒಮ್ಮೆ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟ. ತಿಂಗಳುಗಟ್ಟಲೆ ಹೀಗೇ ಹೋಯಿತು.

ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಪಕ್ಕದ ಬೀದಿಯವರು ಬಂದರು, ಜೊತೆಗೆ ಅವರ ಮಗಳು. ಬಿ.ಎಸ್ಸಿ. ಆಪ್ಟೋಮೆಟ್ರಿ, ಅಂದರೆ ದೃಷ್ಟಿ ಪರೀಕ್ಷಿಸುವ ವಿದ್ಯೆ, ಓದುವ ಹುಡುಗಿ. ಟಿವಿ ಮುಂದೆ ಓರೆಯಾಗಿ ಕೂತಿದ್ದ ಇವನನ್ನು ನೋಡಿ, ‘ಆಂಟಿ, ಒಂದ್ನಿಮಿಷ’ ಎಂದು ಹಿಂದಿನಿಂದ ಬಂದು ಅಂಗೈಯಿಂದ ಅವನ ಎಡಗಣ್ಣು ಮುಚ್ಚಿದಳು. ಅವನು ಕಾರ್ಟೂನ್ ನೋಡುತ್ತಲೇ ಇದ್ದ. ಬಲಗಣ್ಣು ಮುಚ್ಚಿದಳು. ಕಿರುಚಿ ಕೈ ಕಿತ್ತೆಸೆದ. ಮತ್ತೆ ಮುಚ್ಚಿದಳು, ಕಚ್ಚಲು ಹೋದ.

ಹುಡುಗಿಯ ಮುಖ ಬದಲಾಯಿತು. ‘ನಾನಿನ್ನೂ ಮೂರನೇ ವರ್ಷ ಆಂಟಿ, ನಾನು ಏನೂ ಹೇಳಬಾರದು. ನಮ್ಮ ಆಸ್ಪತ್ರೆಗೆ ಬನ್ನಿ, ಮ್ಯಾಮ್ ನೋಡಲಿ’ ಎಂದಳು. ಇಪ್ಪತ್ತೈದು ವರ್ಷದ ಅನುಭವಕ್ಕೆ ಬಾರದ ಎರಡು ಮಾತು ಇವು: ನಾನು ಹೇಳಬಾರದು, ತಿಳಿದವರು ನೋಡಲಿ.

ಕೆಂಗೇರಿಯಿಂದ ಮೆಟ್ರೋ ಹತ್ತಿ ಹೋದೆವು. ಭಾವನವರು ಬರಲಿಲ್ಲ. ಅದು ಕಲಿಸುವ ಆಸ್ಪತ್ರೆ, ಒಂದು ಕೋಣೆಯಲ್ಲಿ ಒಬ್ಬ ಮೇಡಂ, ಸುತ್ತ ಬಿಳಿ ಕೋಟಿನ ಹುಡುಗ ಹುಡುಗಿಯರು. ನನ್ನ ಮಗನ ಮೇಲೆ ಪಾಠ ಕಲಿಯುತ್ತಾರಲ್ಲ ಎಂದು ಮೊದಲು ಉರಿದುಹೋಯಿತು. ಮೇಡಂ ಅವನಿಗೆ ಕೈಯಿಂದ ಕಣ್ಣು ಮುಚ್ಚಿಕೋ ಎನ್ನಲೇ ಇಲ್ಲ. ಬಲಗಣ್ಣಿಗೆ ಅಂಟುವ ಪ್ಯಾಚ್ ಹಾಕಿ, ಮೂಗಿನ ಬದಿ ಒತ್ತಿ, ಸಂದಿಯಿಲ್ಲವೆಂದು ನೋಡಿಕೊಂಡು, ಚಾರ್ಟಿನ ಮೇಲಿನ ದೊಡ್ಡ ಅಕ್ಷರ ತೋರಿಸಿದರು.

ಅವನು ಸುಮ್ಮನಿದ್ದ.

ನಾನು ‘ಹೇಳು ಕಂದಾ, ಇ ಅಲ್ವಾ’ ಎಂದುಬಿಟ್ಟೆ. ಮೇಡಂ ಕೈಸನ್ನೆಯಲ್ಲಿ ನನ್ನನ್ನು ತಡೆದರು. ಅವನು ಕತ್ತು ತಿರುಗಿಸಿದ, ಗಲ್ಲ ಎತ್ತಿದ, ಪ್ಯಾಚಿನ ಅಂಚಿನಲ್ಲಿ ಏನಾದರೂ ಕಂಡೀತೇ ಎಂದು ತಲೆ ಬಾಗಿಸಿದ. ಕೊನೆಗೆ ಎದ್ದು ಚಾರ್ಟಿನ ಕಡೆ ನಡೆಯಲು ಹೊರಟ. ಒಬ್ಬ ಹುಡುಗ ಅವನನ್ನು ಹಿಡಿದು ಕೂರಿಸಿದ. ಆಗ ನನ್ನ ಕಡೆ ತಿರುಗಿ, ಅಳದೆ, ‘ಅಮ್ಮಾ, ಅಲ್ಲಿ ಏನೋ ಕಪ್ಪಗಿದೆ, ನಂಗೆ ಗೊತ್ತಾಗ್ತಿಲ್ಲ’ ಎಂದ. ಮೇಲಿನ ಆ ಅಕ್ಷರ ಸರಿಗಣ್ಣಿನವರಿಗೆ ಅರವತ್ತು ಮೀಟರಿನಿಂದಲೂ ಕಾಣುತ್ತದೆ. ಅವನು ಕೂತಿದ್ದುದು ಆರು ಮೀಟರಿನಲ್ಲಿ. ಇಷ್ಟು ವರ್ಷ ಒಂದೇ ಕಣ್ಣಿನಲ್ಲಿ ಓಡಾಡಿದ, ಸೈಕಲ್ ಕಲಿತ, ಚೆಂಡು ಆಡಿದ. ಅವನಿಗೇ ಗೊತ್ತಿಲ್ಲ, ಇನ್ನೊಂದು ಕಣ್ಣು ಹೀಗಿದೆ ಎಂದು. ಲೋಕವೇ ಹೀಗೆ ಕಾಣುವುದೆಂದು ಅಂದುಕೊಂಡಿದ್ದ. ನನ್ನ ಕಾಲು ನಡುಗಿತು. ಪಕ್ಕದ ಬೀದಿಯ ಹುಡುಗಿಯೇ ಸ್ಟೂಲ್ ತಂದಿಟ್ಟಳು.

ಆಮೇಲೆ ಸೈಕ್ಲೋಪೆಂಟೋಲೇಟ್ ಎಂಬ ಡ್ರಾಪ್ಸ್. ಉರಿಯುತ್ತದೆ, ಇವನ ಕೂಗು ಕಾರಿಡಾರಿನಾಚೆಗೂ ಕೇಳಿರಬೇಕು. ಪಾಪೆ ದೊಡ್ಡದಾಗುವವರೆಗೆ ಕಾಯಿಸಿ ಕತ್ತಲ ಕೋಣೆಗೆ ಕರೆದರು. ರೆಟಿನೋಸ್ಕೋಪ್ ಎಂಬ ಕೈದೀಪದ ಬೆಳಕಿನ ಗೆರೆಯನ್ನು ಕಣ್ಣಿನ ಮೇಲೆ ಅತ್ತಿತ್ತ ಆಡಿಸುತ್ತಾರೆ. ಪಾಪೆಯೊಳಗಿನ ಬೆಳಕು ದೀಪದ ಜೊತೆಗೇ ಸರಿದರೆ ಪ್ಲಸ್ ಗಾಜು ಹಿಡಿಯುತ್ತಾರೆ, ಎದುರು ಸರಿದರೆ ಮೈನಸ್, ಚಲನೆ ನಿಲ್ಲುವವರೆಗೆ. ಒಬ್ಬ ಹುಡುಗ ಲೆಕ್ಕ ಹೇಳಿ ಬೈಸಿಕೊಂಡ. ತಾನು ಕೂತ ದೂರಕ್ಕೆ ಕಳೆಯಬೇಕಾದ ಒಂದೂವರೆಯನ್ನು ಕಳೆದಿರಲಿಲ್ಲ. ‘ನೀನು ಮರೆತ ಒಂದೂವರೆಯನ್ನು ಈ ಮಗು ವರ್ಷವೆಲ್ಲ ಮೂಗಿನ ಮೇಲೆ ಹೊರಬೇಕು’ ಎಂದರು ಮೇಡಂ. ಬಲಗಣ್ಣಿಗೆ ಪ್ಲಸ್ ಒಂದು ಬಂತು, ಎಡಗಣ್ಣಿಗೆ ಪ್ಲಸ್ ನಾಲ್ಕೂವರೆ.

ಪಾಠ ನಡೆಯುತ್ತಿದ್ದುದರಿಂದಲೇ ನನಗೆ ಎಲ್ಲವೂ ಕಿವಿಗೆ ಬಿತ್ತು. ಮಕ್ಕಳ ಕಣ್ಣಿನೊಳಗಿನ ಮಸೂರಕ್ಕೆ ಬಹಳ ಶಕ್ತಿ, ಮೆಷಿನ್ನಿಗೆ ಕಣ್ಣಿಟ್ಟಾಗ ಅದು ಬಿಗಿಹಿಡಿಯುತ್ತದೆ, ಪ್ಲಸ್ ಅಡಗಿ ಮೈನಸ್ ತೋರುತ್ತದೆ. ಡ್ರಾಪ್ಸ್ ಆ ಬಿಗಿಯನ್ನು ಸಡಿಲಿಸುತ್ತದೆ. ಎರಡು ಕಣ್ಣುಗಳ ನಡುವೆ ಇಷ್ಟು ಅಂತರವಿದ್ದರೆ ಮೆದುಳು ಮಸುಕಾದ ಕಣ್ಣಿನ ಚಿತ್ರವನ್ನು ಬಿಟ್ಟುಬಿಡುತ್ತದೆ. ಸೋಮಾರಿ ಕಣ್ಣು ಎನ್ನುವುದು ಇದನ್ನೇ. ಏಳೆಂಟು ವರ್ಷದೊಳಗೆ ಹಿಡಿದರೆ ದೃಷ್ಟಿ ಚೆನ್ನಾಗಿ ಮರಳುತ್ತದೆ, ತಡವಾದಷ್ಟೂ ಕಷ್ಟ. ಅಂಗಡಿಯ ಚೀಟಿಯಲ್ಲಿ ಎಡಗಡೆ ಬಂದಿದ್ದ ಆ ಪ್ಲಸ್, ಮೆಷಿನ್ ಅಲ್ಲಾಡಿ ಬಂದದ್ದಲ್ಲ.

ಹೊರಡುವಾಗ ಮೇಡಂಗೂ ಅದೇ ಪ್ರಶ್ನೆ ಕೇಳಿದೆ. ನೀವೇನು ಓದಿದ್ದೀರಿ? ಹುಡುಗರು ಪರಸ್ಪರ ಮುಖ ನೋಡಿಕೊಂಡರು. ಅವರು ಕುರ್ಚಿ ಎಳೆದು ಕೂತು ಹೇಳಿದರು. ಪಿಯುಸಿ ವಿಜ್ಞಾನ, ಆಮೇಲೆ ನಾಲ್ಕು ವರ್ಷದ ಆಪ್ಟೋಮೆಟ್ರಿ ಪದವಿ, ಅದರಲ್ಲಿ ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್, ಮತ್ತೆರಡು ವರ್ಷ ಸ್ನಾತಕೋತ್ತರ, ಆಮೇಲೆ ಮಕ್ಕಳ ಕಣ್ಣಿನ ವಿಭಾಗ, ಅದರ ಜೊತೆಗೇ ಪಾಠ ಹೇಳುವುದು. ‘ನಾನು ಎಂಬಿಬಿಎಸ್ ಅಲ್ಲ. ಕಣ್ಣಿನ ಡಾಕ್ಟರು ಎಂಬಿಬಿಎಸ್ ಮುಗಿಸಿ ಮತ್ತೆ ಮೂರು ವರ್ಷ ಎಂ.ಎಸ್. ಓದಿದವರು. ಆಪರೇಷನ್, ರೋಗದ ಚಿಕಿತ್ಸೆ ಅವರದು. ಇವನ ಕಣ್ಣಿನ ಒಳಗನ್ನು ಅವರೇ ನೋಡಬೇಕು, ಪಕ್ಕದ ರೂಮಿಗೆ ಹೋಗಿ’ ಎಂದು ಕಳಿಸಿದರು.

ಕನ್ನಡಕದಂಗಡಿಯವರು, ಆಪ್ಟೋಮೆಟ್ರಿಸ್ಟ್, ಕಣ್ಣಿನ ಡಾಕ್ಟರು, ಈ ಮೂರು ಮೆಟ್ಟಿಲು ನಮ್ಮ ಜನಕ್ಕೆ ಗೊತ್ತಿಲ್ಲದಿರುವುದರಲ್ಲಿ ಆಶ್ಚರ್ಯವಿಲ್ಲ. ಬೆಂಗಳೂರಿನಲ್ಲಿ ಮಿಂಟೋ ಆಸ್ಪತ್ರೆಯ ಮೂಲ 1896ರದು, ಕಣ್ಣಿನ ಡಾಕ್ಟರೆಂದರೆ ಅಜ್ಜಿಯರಿಗೂ ಗೊತ್ತು. ಆಪ್ಟೋಮೆಟ್ರಿ ಕಲಿಸುವ ಶಾಲೆ ದೇಶದಲ್ಲಿ ಶುರುವಾದದ್ದು 1958ರಲ್ಲಿ, ಅಲೀಗಢದಲ್ಲಿ, ಅದೂ ಡಿಪ್ಲೊಮಾ. ನಾಲ್ಕು ವರ್ಷದ ಪದವಿ ಬಂದದ್ದು 1985ರಲ್ಲಿ, ಚೆನ್ನೈಯ ಎಲೈಟ್ ಸ್ಕೂಲಿನಲ್ಲಿ. ನಮ್ಮಲ್ಲಿ ಈಗ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿಯಲ್ಲಿ ಬಿ.ಎಸ್ಸಿ. ಆಪ್ಟೋಮೆಟ್ರಿ ಇದೆ. ಸರ್ಕಾರಿ ಆಸ್ಪತ್ರೆಯ ನೇತ್ರಾಧಿಕಾರಿಗಳು ಇನ್ನೊಂದು ದಾರಿಯಿಂದ, ಡಿಪ್ಲೊಮಾ ಮಾಡಿ ಬಂದವರು. ಇವರೆಲ್ಲರನ್ನೂ ಒಂದು ನೋಂದಣಿಗೆ ತರುವ ಕಾನೂನು ಸಂಸತ್ತಿನಲ್ಲಿ ಪಾಸಾದದ್ದು 2021ರಲ್ಲಿ, ಅದರ ಪಟ್ಟಿಯಲ್ಲಿ ಆಪ್ಟೋಮೆಟ್ರಿಸ್ಟ್ ಹೆಸರಿದೆ. ಅಲ್ಲಿಯತನಕ ಬೋರ್ಡು ಬರೆಸಲು ಪೇಂಟರ್ ಸಾಕಾಗಿದ್ದ.

ಬೇರೆ ತಾಯಂದಿರಿಗೆ ಹೇಳುವುದು ಹೆಚ್ಚಿಲ್ಲ. ಡಿಪ್ಲೊಮಾನೋ ಪದವಿಯೋ, ಯಾವ ವಿಶ್ವವಿದ್ಯಾಲಯ, ಇಂಟರ್ನ್‌ಶಿಪ್ ಎಲ್ಲಿ, ಇಷ್ಟು ಕೇಳಿ. ಓದಿದವರು ಸಿಟ್ಟಾಗುವುದಿಲ್ಲ. ಚಿಕ್ಕ ಮಕ್ಕಳಿಗೆ ಡ್ರಾಪ್ಸ್ ಹಾಕದೆ ಮೊದಲ ಕನ್ನಡಕ ಬರೆಸಬೇಡಿ. ಮೆಷಿನ್ ಚೀಟಿ ಎಸೆಯಬೇಡಿ. ಮಗು ಒಂದು ಕಣ್ಣು ಮುಚ್ಚಿದರೆ ಸುಮ್ಮನಿದ್ದು ಇನ್ನೊಂದು ಮುಚ್ಚಿದರೆ ರೇಗಿದರೆ, ಅದೇ ವಾರ ತೋರಿಸಿ. ಕನ್ನಡಕ ಮಾಡಿಸಲು ಮಾತ್ರ ನಾನು ಅದೇ ಅಂಗಡಿಗೆ ಹೋದೆ. ಪುಟ್ಟ ಮೂಗಿಗೆ ಫ್ರೇಮ್ ಕೂರಿಸುವುದರಲ್ಲಿ ಆ ಮನುಷ್ಯನನ್ನು ಮೀರಿಸುವವರು ಕೆಂಗೇರಿಯಲ್ಲಿಲ್ಲ. ಆ ಕೆಲಸದ ಇಪ್ಪತ್ತೈದು ವರ್ಷವನ್ನು ನಾನು ಒಪ್ಪುತ್ತೇನೆ.

ಮೊದಲು ಕನ್ನಡಕ, ಕೆಲವು ವಾರದ ನಂತರ ಒಳ್ಳೆಯ ಕಣ್ಣಿಗೆ ದಿನಾ ಕೆಲವು ಗಂಟೆ ಪ್ಯಾಚ್. ‘ಚೆನ್ನಾಗಿರೋ ಕಣ್ಣು ಮುಚ್ಚಿ ಕೆಟ್ಟ ಕಣ್ಣಲ್ಲಿ ನೋಡು ಅನ್ನೋದು ಯಾವ ವೈದ್ಯ?’ ಎಂದು ಭಾವನವರು ಕೇಳಿದರು. ಎಡಗಣ್ಣು ಈಗ ಚಾರ್ಟಿನ ಅರ್ಧದವರೆಗೆ ಇಳಿದಿದೆ. ಅದಕ್ಕೆ ಅವರು ಏನೂ ಹೇಳಲಿಲ್ಲ.

ಅವರಿಗೆ ಸಕ್ಕರೆ ಕಾಯಿಲೆ, ಹತ್ತು ವರ್ಷ ದಾಟಿದೆ. ಸಕ್ಕರೆ ಇರುವವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ರೆಟಿನಾ ತೋರಿಸಬೇಕೆಂದು ಆಸ್ಪತ್ರೆಯ ಗೋಡೆಯ ತುಂಬಾ ಬರೆದಿದ್ದಾರೆ. ಹೇಳಿದರೆ ‘ಮೊನ್ನೆ ತಾನೇ ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ನೋಡಿಸಿದೆನಲ್ಲ’ ಎನ್ನುತ್ತಾರೆ. ಮಗನ ಮುಂದಿನ ತಪಾಸಣೆಯ ದಿನ ಅವರ ಹೆಸರಲ್ಲೂ ಒಂದು ಟೋಕನ್ ತೆಗೆಸುತ್ತೇನೆ ಎಂದು ಅಕ್ಕನಿಗೆ ಹೇಳಿದ್ದೇನೆ. ಅವರಿಗೆ ಇನ್ನೂ ಹೇಳಿಲ್ಲ.