ಮುಸುಕಿನ ಜೋಳದ ಇಳುವರಿ: ನೀರಿನ ಪ್ರಮಾಣಕ್ಕಿಂತ ಸಮಯ ಮುಖ್ಯ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಬಹುಭಾಗ ಮಳೆನೆರಳಿನ ಪ್ರದೇಶ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಆದರೆ ಮಾರುಕಟ್ಟೆಗೆ ಬರುವ ಮುಸುಕಿನ ಜೋಳದ ತೂಕವನ್ನು ಮಳೆಯ ಒಟ್ಟು ಕೊರತೆಯೊಂದೇ ನಿರ್ಧರಿಸುವುದಿಲ್ಲ. ಕೊರತೆ ಬಂದೊದಗಿದ ಹಂತವೂ ನಿರ್ಧರಿಸುತ್ತದೆ.

ನೀರು ಸಾಲದಾದಾಗ ಸಸ್ಯವು ಪತ್ರರಂಧ್ರಗಳನ್ನು ಮುಚ್ಚಿ, ಎಲೆಗಳನ್ನು ಸುರುಳಿ ಸುತ್ತಿಕೊಳ್ಳುತ್ತದೆ. ಇದರಿಂದ ನೀರು ಉಳಿದರೂ ಇಂಗಾಲದ ಡೈಆಕ್ಸೈಡ್ ಒಳಬರುವುದು ಕುಗ್ಗಿ ಆಹಾರ ತಯಾರಿಕೆ ಇಳಿಯುತ್ತದೆ. ಮೊಣಕಾಲೆತ್ತರದ ಪೈರು ಮುಂದಿನ ಮಳೆಗೆ ಬಹುಮಟ್ಟಿಗೆ ಚೇತರಿಸಿಕೊಳ್ಳಬಲ್ಲದು.

ಹೂ ಬಿಡುವ ಹಂತದಲ್ಲಿ ಹಾಗಲ್ಲ. ತುದಿಯ ಗಂಡು ಹೂ ಕೆಲವೇ ದಿನ ಪರಾಗ ಉದುರಿಸುತ್ತದೆ. ಬರದಲ್ಲಿ ತೆನೆಯ ರೇಷ್ಮೆಯಂತಹ ಎಳೆಗಳು ತಡವಾಗಿ ಹೊರಬರುವುದರಿಂದ ಅವುಗಳಿಗೆ ಪರಾಗ ದೊರೆಯುವುದಿಲ್ಲ. ಒಂದು ಎಳೆಗೆ ಒಂದೇ ಕಾಳು. ಪರಾಗ ತಪ್ಪಿದರೆ ಕಾಳು ಕಟ್ಟದು. ಬಳಿಕ ಸುರಿದ ಮಳೆ ಈ ನಷ್ಟವನ್ನು ತುಂಬಲಾರದು.

ಕಾಳು ತುಂಬುವಾಗ ನೀರು ತಪ್ಪಿದರೆ ಪಿಷ್ಟ ಸಂಗ್ರಹ ಕಡಿಮೆಯಾಗಿ ಕಾಳು ಹಗುರವಾಗುತ್ತದೆ. ಬಿಸಿಲೂ ಬರವೂ ಕೂಡಿದಾಗ ಶಿಲೀಂಧ್ರ ಸೋಂಕಿ ಅಫ್ಲಾಟಾಕ್ಸಿನ್ ವಿಷ ಉಂಟಾಗುವ ಅಪಾಯವೂ ಹೆಚ್ಚು. ಕೋಳಿ ಆಹಾರ ತಯಾರಕರು ಇಂತಹ ಸರಕನ್ನು ಪರೀಕ್ಷಿಸದೆ ಕೊಳ್ಳುವುದು ಹಿತವಲ್ಲ.

ಆದುದರಿಂದ ಕೊಳವೆಬಾವಿಯ ನೀರು ಅಲ್ಪವಾಗಿದ್ದರೆ ಹೂ ಬಿಡುವಾಗಿನ ನೀರಾವರಿಗೆ ಮೊದಲ ಆದ್ಯತೆ, ಕಾಳು ತುಂಬುವ ಹಂತಕ್ಕೆ ನಂತರದ ಆದ್ಯತೆ ಸಲ್ಲಬೇಕು. ವರ್ತಕರು ಬಿತ್ತನೆಯ ದಿನ ಮತ್ತು ಹೂ ಬಿಟ್ಟ ವಾರಗಳ ಮಳೆಯನ್ನು ವಿಚಾರಿಸಿಕೊಂಡಲ್ಲಿ ಆವಕವನ್ನು ಕೊಯ್ಲಿಗೆ ಮುನ್ನವೇ ಅಂದಾಜಿಸಬಹುದು.